ಕಂಡಕ್ಟರ್ ಹೊಟ್ಟೆಗೆ ಬಸ್ಸಿನ ತುಂಬ ಡಾಕ್ಟರು

ಕಂಡಕ್ಟರ್ ಆದವನಿಗೆ ಚಿಲ್ಲರೆ ಕೊಡೋರು ಸಿಗೋದು ಕಷ್ಟ, ಬುದ್ಧಿ ಹೇಳೋರು ಮಾತ್ರ ಸೀಟಿಗೊಬ್ಬರು. ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆ–ಮೊಳಕಾಲ್ಮೂರು ಖಾಸಗಿ ಬಸ್ಸಿನಲ್ಲಿದ್ದೆ. ಮದುವೆಯಾದ ಮೇಲೆ ಹೊಟ್ಟೆ ಬಂತು. ರಶ್ಶಿನಲ್ಲಿ ಸೀಟುಗಳ ನಡುವೆ ಸಿಕ್ಕಿಕೊಂಡರೆ ಮುಂದಿದ್ದವರಿಗೆ ಟಿಕೆಟ್ಟೇ ಇಲ್ಲ. ಒಂದು ದಿನ ಮಾಲೀಕರು ಕರೆದು, "ದೀಪಾವಳಿ ದಿನ ನಾನೇ ಬಂದು ನೋಡ್ತೀನಿ. ತುಂಬಿದ ಬಸ್ಸಾಗೆ ಹಿಂದಿನಿಂದ ಮುಂದಕ್ಕೆ ಬರಬೇಕು. ಆಗಲಿಲ್ವಾ, ಸ್ಟ್ಯಾಂಡಾಗೆ ನಿಂತು ಊರ ಹೆಸರು ಕೂಗು," ಅಂದರು. ಬಸ್ಸು ಹೊರಟುಹೋಗೋದನ್ನ ನಿಂತು ನೋಡೋ ಕೆಲಸ ನನ್ನ ಕೈಲಾಗೋದಲ್ಲ. ಹೊಟ್ಟೆ ಇಳಿಸೇ ತೀರಬೇಕು ಅಂತ ಹಟ ಹಿಡಿದೆ.

ಕಂಬಳಿ

ನಮ್ಮ ಬಸ್ಸಿನಲ್ಲೇ ಚಳ್ಳಕೆರೆ ಸಂತೆಗೆ ಕಂಬಳಿ ತರುತ್ತಿದ್ದ ಅಜ್ಜನೊಬ್ಬ ನನ್ನ ಮೊದಲ ಡಾಕ್ಟರು. ಬೆಣ್ಣೆ ಬಿಸಿಲಿಗಿಟ್ಟರೆ ಕರಗುತ್ತಲ್ಲ, ಕೊಬ್ಬೂ ಹಾಗೇ ಕರಗಿ ಬೆವರಾಗಿ ಹೋಗುತ್ತೆ ಅನ್ನೋದು ಅವನ ವಾದ. ಅಂಗಿಯೊಳಗೆ ಹೊಟ್ಟೆಗೆ ಕರಿ ಕಂಬಳಿ ಸುತ್ತಿಕೊಂಡು ಬೇಸಿಗೆಯಲ್ಲಿ ದಿನವಿಡೀ ಟಿಕೆಟ್ ಹರಿದೆ. ಉಣ್ಣೆ ಚುಚ್ಚಿ ಕೆರೆದು ಕೆರೆದು ಸಾಕಾಯಿತು. ಸಂಜೆ ಸ್ಟ್ಯಾಂಡಿನ ತೂಕದ ಮಿಷನ್ ಹತ್ತಿದರೆ ನಿಜಕ್ಕೂ ಇಳಿದಿತ್ತು! ಖುಷಿಗೆ ತಂಬಿಗೆ ಮೇಲೆ ತಂಬಿಗೆ ನೀರು ಕುಡಿದು ಇನ್ನೊಮ್ಮೆ ಹತ್ತಿದೆ. ಹೋಗಿದ್ದೆಲ್ಲ ವಾಪಸ್ ಬಂದಿತ್ತು. ಅಜ್ಜನನ್ನು ಹಿಡಿದು ಕೇಳಿದರೆ, "ನೀರು ಕುಡಿಯಾಕೆ ಯಾರು ಹೇಳಿದ್ರಪ್ಪಾ ನಿಂಗೆ?" ಅಂದ.

ಮಂಡಕ್ಕಿ

ಮುದ್ದೆ ಭಾರ, ಅದಕ್ಕೇ ಮೈ ಭಾರ ಅಂತ ನನ್ನ ಹೆಂಡತಿ ಕಂಡುಹಿಡಿದಳು. ರಾತ್ರಿ ಮುದ್ದೆ ಬಿಡಿಸಿ ಮೊರದ ತುಂಬ ಒಗ್ಗರಣೆ ಮಂಡಕ್ಕಿ ಇಟ್ಟಳು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಎಣ್ಣೆ ಮಿಲ್ಲುಗಳ ಊರು ನಮ್ಮದು, ಕಡಲೆಕಾಯಿ ಎಣ್ಣೆಗೆ ಬರವಿಲ್ಲ. ಹೊಟ್ಟೆ ಇನ್ನೂ ಮುಂದೆ ಬಂತು. ಎಣ್ಣೆ ಜಾಸ್ತಿ ಆಯ್ತೇನೋ ಅಂತ ಹೆದರಿ ಹೆದರಿ ಹೇಳಿದೆ.

"ಎಣ್ಣೆ ನೀರಿನ ಮೇಲೆ ತೇಲ್ತೈತಲ್ರೀ," ಅಂದಳು. "ಅದೂ ಹಗುರಾನೇ."

ಮಗ್ಗ

ಮೊಳಕಾಲ್ಮೂರಿನಲ್ಲಿ ಬಸ್ಸು ಊಟಕ್ಕೆ ನಿಲ್ಲುತ್ತಿತ್ತು. ಅಲ್ಲೊಬ್ಬರು ರೇಷ್ಮೆ ಸೀರೆ ನೇಯುವವರು, ಹೊಟ್ಟೆ ಬೆನ್ನಿಗಂಟಿದ ಮನುಷ್ಯ. ಯಾವ ಭಾಗ ಕರಗಬೇಕೋ ಅದನ್ನೇ ದುಡಿಸಬೇಕು ಅಂತ ಹೇಳಿ ನನ್ನನ್ನು ಮಗ್ಗದ ಕೆಳಗೆ ಕಾಲಿಳಿಬಿಡೋ ಗುಂಡಿಗಿಳಿಸಿದರು. ಹೊಟ್ಟೆಯನ್ನು ಮರಕ್ಕೊತ್ತಿ ಕೆಳಗಿನ ಹಲಗೆ ತುಳಿಯೋದು. ಮಳೆಗಾಲವಿಡೀ ತುಳಿದೆ. ಕಾಲು ಗಟ್ಟಿಯಾಯಿತು, ಹೊಟ್ಟೆ ಇದ್ದ ಹಾಗೇ ಇತ್ತು. ನೋಡಿ ನೋಡಿ ಕೊನೆಗೆ ಅವರ ತಾಯಿಗೇ ಪಾಪ ಅನ್ನಿಸಿತು. "ಅವನ ಹೊಟ್ಟೆ ಮಗ್ಗದಿಂದ ಹೋಗಿದ್ದಲ್ಲಪ್ಪಾ," ಅಂದರು. "ಹುಟ್ಟಿದಾಗಿಂದ್ಲೂ ಅವನಿಗೆ ಹೊಟ್ಟೆ ಇಲ್ಲ."

ನಿಜವಾದ ಡಾಕ್ಟರು

ಸೋತು ಆಸ್ಪತ್ರೆಗೆ ಹೋದೆ. ಎಣ್ಣೆ ಕಡಿಮೆ ಮಾಡಿ, ದಿನಾ ನಡೀರಿ ಅಂದರು ಡಾಕ್ಟರು. ನನಗೆ ರೇಗಿತು. ದಿನಾ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿ ಬರ್ತೀನಿ, ಒಂದು ಗಳಿಗೆ ಕೂರಲ್ಲ, ಇನ್ನೆಷ್ಟು ನಡೀಲಿ ಅಂತ ಕೇಳಿದೆ. ಅವರು ಕನ್ನಡಕ ತೆಗೆದು, ಅಷ್ಟು ದೂರ ಹೋಗಿದ್ದು ಬಸ್ಸು, ನೀವಲ್ಲ ಅಂದರು.

ಸರಿ, ಬೆಳಗ್ಗೆ ಎದ್ದು ನಾಯಕನಹಟ್ಟಿ ರೋಡು ಹಿಡಿದೆ. ಕಂಡಕ್ಟರ್ ನಡೀತಾನೆ ಅಂದ್ರೆ ಬಸ್ಸು ಕೆಟ್ಟಿರಬೇಕು ಅಂತ ಟ್ರ್ಯಾಕ್ಟರಿನವರೆಲ್ಲ ನಿಲ್ಲಿಸಿ ಕೈಹಿಡಿದು ಹತ್ತಿಸಿಕೊಳ್ಳೋರು. ನಾನೂ ಬಿಡಲಿಲ್ಲ, ಮುಂದೆ ಇಳಿದು ಮತ್ತೆ ಮೊದಲಿಂದ ನಡೆಯುತ್ತಿದ್ದೆ. ಬೆಲ್ಟು ಒಂದು ತೂತು ಒಳಗೆ ಹೋಯಿತು. ಅಷ್ಟರಲ್ಲಿ ದೀಪಾವಳಿ ಬಂದೇಬಿಟ್ಟಿತು.

ಪರೀಕ್ಷೆ

ಹಬ್ಬದ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಾಲೀಕರು ಡ್ರೈವರ್ ಪಕ್ಕ ನಿಂತು, ಬಾ ಅಂತ ಕೈ ಮಾಡಿದರು. ಬಸ್ಸಿನಲ್ಲಿದ್ದವರಲ್ಲಿ ಅರ್ಧ ಜನ ನನ್ನ ಹೊಟ್ಟೆಗೆ ಮದ್ದು ಹೇಳಿದವರೇ. ನಾನು ಸೋತರೆ ಅವರ ಮದ್ದೂ ಸೋತಂತೆ. ನಾನು ಒಂದು ಹೆಜ್ಜೆ ಇಟ್ಟೆ ನೋಡಿ, ನಿಂತಿದ್ದವರೆಲ್ಲ ಉಸಿರು ಬಿಗಿಹಿಡಿದು ತಮ್ಮ ತಮ್ಮ ಹೊಟ್ಟೆ ಒಳಗೆಳೆದುಕೊಂಡರು. ನಡುವೆ ದಾರಿ ಆಯಿತು. ಒಬ್ಬರಿಗೂ ತಾಗದೆ ಮುಂದಿನ ಬಾಗಿಲಿಗೆ ಬಂದು ನಿಂತೆ.

ಮಾಲೀಕರು ಬೆನ್ನು ತಟ್ಟಿ, "ಭೇಷ್! ಪೂರ್ತಿ ಕರಗಿಸಿಬಿಟ್ಟೀಯಲ್ಲೋ," ಅಂದರು.

ಹಿಂದಿನಿಂದ ಅಜ್ಜಿಯೊಬ್ಬಳ ದನಿ ಬಂತು: "ಅವನು ದಾಟಿದ್ನೇನಪ್ಪಾ? ನಾವಿನ್ನು ಉಸಿರು ಬಿಡಬೋದಾ?"