ಸದ್ದಡಗಿಸಿದ ಶಿವಣ್ಣ ಮೇಷ್ಟ್ರು

ಚಳ್ಳಕೆರೆಯಲ್ಲಿ ಶಾಲಾ ಮಕ್ಕಳ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿ ನಡೆಯುತ್ತಿದೆಯೆಂದು ಊರಿಗೆ ಊರೇ ಎದೆಯುಬ್ಬಿಸಿ ಓಡಾಡುತ್ತಿತ್ತು. ಎಲ್ಲರಿಗಿಂತ ಒಂದಂಗುಲ ಹೆಚ್ಚು ಉಬ್ಬಿಸಿದವನು ಪಿ.ಟಿ. ಮೇಷ್ಟ್ರು ಶಿವಣ್ಣ. ಅಷ್ಟೊಂದು ದೇಶಗಳ ಮಕ್ಕಳ ನಡುವೆ ಆಡುತ್ತಿದ್ದ, ಪಕ್ಕದ ತಳಕು ಊರಿನ ಶೃತಿ ಅವನ ಶಿಷ್ಯೆ. ಎಣ್ಣೆ ಗಿರಣಿಗೆ ಅಂಟಿಕೊಂಡ ಶಾಲೆಯ ಜಗಲಿಯಲ್ಲಿ, ಗಿರಣಿಯ ಸದ್ದಿನ ಮೇಲೆ ಅರಚಿ ಅರಚಿ, ಅವಳಿಗೆ ಕುದುರೆ ನಡೆಸಲು ಕಲಿಸಿದವನು ಅವನೇ.

ತೊಂದರೆ ಶುರುವಾದದ್ದು ಒಂದು ನಿಯಮದಿಂದ. ತರಬೇತುದಾರರು ಆಟದ ಸಭಾಂಗಣದೊಳಗೆ ಬರುವಂತಿಲ್ಲ. ಅಂದು ಕೊನೆಯ ಸುತ್ತು. ಶೃತಿಗೆ ಎದುರಾಳಿ ಕಜಕಿಸ್ತಾನದ ಹುಡುಗಿ. ಆ ಆಟವನ್ನು ನೋಡದ ಕಣ್ಣು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಕೊರಗಿದ ಶಿವಣ್ಣ, ಯಾರಿಗೂ ಬೇಡವಾದ ಒಂದು ಕೆಲಸವನ್ನು ಕೈಮುಗಿದು ಕೇಳಿ ಪಡೆದ. ಪ್ರೇಕ್ಷಕರು ಸದ್ದು ಮಾಡದಂತೆ ಕಾಯುವ ಕೆಲಸ.

ಬಾಗಿಲಲ್ಲೇ ಎಲ್ಲರ ಮೊಬೈಲ್ ಇಸಿದುಕೊಂಡು ಚೀಲಕ್ಕೆ ತುಂಬಿದ. ತನ್ನದನ್ನು, ಮಾದರಿಯಾಗಲೆಂದು, ಮನೆಯಲ್ಲೇ ಬಿಟ್ಟು ಬಂದಿದ್ದ.

“ತಡಿಯಪ್ಪ, ಆಫ್ ಮಾಡಿ ಕೊಡ್ತೀನಿ,” ಎಂದರು ಶಾಲೆ ಪಕ್ಕದ ಆ ಗಿರಣಿಯ ಮಾಲೀಕ ಮುರುಗೇಂದ್ರಪ್ಪ.

“ಅದೆಲ್ಲ ನಾನು ನೋಡ್ಕಂತೀನಿ, ನೀವು ಒಳಗೆ ನಡೀರಿ.”

ಯಾರನ್ನೂ ನಂಬದ ಶಿವಣ್ಣ ಚೀಲವನ್ನು ತನ್ನ ಹೆಗಲಿಗೇ ನೇತುಹಾಕಿಕೊಂಡ. ನೋಡಿಕೊಳ್ಳುವುದನ್ನು ಮಾತ್ರ ಮರೆತ.

ಆಟ ಶುರುವಾಯಿತು. ಮುರುಗೇಂದ್ರಪ್ಪನವರ ಹೊಸ ಚಪ್ಪಲಿ ಕಿರ್ರೆಂದಿತು. ಶಿವಣ್ಣ ಬಾಗಿಲು ತೋರಿಸಿದ.

“ಇಲ್ಲಿಗೆ ಕುರ್ಚಿ ಕೊಡ್ಸಿದೋನೇ ನಾನು ಕಣಪ್ಪ.”

“ಕುರ್ಚಿ ಸುಮ್ಕೆ ಅದಾವೆ. ಸದ್ದು ಮಾಡ್ತಿರೋರು ನೀವು.”

ಆಮೇಲೆ ಶೇಂಗಾ ಬೆಳೆಯುವ ಕ್ಯಾತಪ್ಪ ಸೀನಿದ, ಅವನೂ ಹೊರಬಿದ್ದ. ಕೊನೆಗೆ ಶೃತಿಯ ಅವ್ವ ಬೋರಕ್ಕ ಕೈ ಜೋಡಿಸಿ ದೇವರನ್ನು ನೆನೆದಾಗ ಬಳೆ ಘಲ್ಲೆಂದವು.

“ನನ್ನ ಮಗಳ ಆಟ ಮೇಷ್ಟ್ರೇ,” ಬೋರಕ್ಕ ಪಿಸುಗುಟ್ಟಿದಳು.

“ನನಗೂ ಮಗಳೇ ಕಣಕ್ಕ. ಅದ್ಕೇ ಹೇಳ್ತಿರೋದು, ನಡಿ.”

ಮಧ್ಯಾಹ್ನದ ಹೊತ್ತಿಗೆ ಇರುವೆ ನಡೆದರೂ ಕೇಳಿಸುವಷ್ಟು ಮೌನ. ಆದರೆ ಶೃತಿ ಹಣೆ ಒತ್ತಿಕೊಂಡು ಕೂತಿದ್ದಳು. ಅವಳ ರಾಜ ಮೂಲೆ ಸೇರಿದ್ದ, ಗಡಿಯಾರ ಓಡುತ್ತಿತ್ತು. ಶಿವಣ್ಣ ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಹತ್ತಿರ ಸರಿದ.

ಅದೇ ಗಳಿಗೆಗೆ ಮಾರುಕಟ್ಟೆಯಲ್ಲಿ ಶೇಂಗಾ ಹರಾಜು ಮುಗಿಯಿತು. ಅಂದಿನ ದರವನ್ನು ಊರಿನವರ ಮೊಬೈಲಿಗೆಲ್ಲ ಕಳಿಸುವುದು ಮುರುಗೇಂದ್ರಪ್ಪನವರ ಗುಮಾಸ್ತನ ವಾಡಿಕೆ. ಕಳಿಸಿದ. ಚೀಲದೊಳಗಿನ ಅಷ್ಟೂ ಮೊಬೈಲುಗಳು ಒಟ್ಟಿಗೇ ಬಾಯಿಬಿಟ್ಟವು. ಒಂದು ಕೋಳಿಯಂತೆ ಕೂಗಿತು, ಇನ್ನೊಂದು ಭಜನೆ ಹಾಡಿತು. ದರ ಚೆನ್ನಾಗಿದ್ದುದರಿಂದ, ಖುಷಿಯಾದ ನೆಂಟರು ಮೇಲಿಂದ ಮೇಲೆ ಫೋನನ್ನೂ ಮಾಡತೊಡಗಿದರು. ಶಿವಣ್ಣ ಚೀಲವನ್ನು ಅಳುವ ಕೂಸಿನಂತೆ ಅವಚಿಕೊಂಡ.

ವಿದೇಶಿ ತೀರ್ಪುಗಾರ್ತಿ ಬಾಗಿಲ ಕಡೆ ಬೆರಳು ತೋರಿಸಿದಳು.

ಹೊರಗೆ ಬೇವಿನ ಮರದಡಿ ಅವನು ಅಟ್ಟಿದವರೆಲ್ಲ ಕೂತಿದ್ದರು. ಚೀಲ ಕಸಿದುಕೊಂಡು, ಮುರುಗೇಂದ್ರಪ್ಪನವರ ಮೊಬೈಲಿನಲ್ಲಿ ಆಟದ ನೇರಪ್ರಸಾರ ಹಾಕಿ ಮುತ್ತಿಕೊಂಡರು. ಶಿವಣ್ಣನಿಗೆ ಕಂಡದ್ದು ಬರೀ ಬೆನ್ನುಗಳು.

“ಆನೇನೇ ಬಿಟ್ಕೊಟ್ಳು ಕಣ್ರಲೇ,” ಎಂದ ಕ್ಯಾತಪ್ಪ.

“ಯಾವ ಆನೆ? ಸ್ವಲ್ಪ ಸರೀರಿ,” ಶಿವಣ್ಣ ಎಗರಿ ಎಗರಿ ನೋಡಿದ.

“ಸದ್ದು ಮಾಡಬ್ಯಾಡ್ರಿ ಮೇಷ್ಟ್ರೇ,” ಎಂದಳು ಬೋರಕ್ಕ.

ಸ್ವಲ್ಪ ಹೊತ್ತಿಗೆ ಶೃತಿ ಓಡಿ ಬಂದಳು. ಗೆದ್ದಿದ್ದಳು. ಶೇಂಗಾ ಸೀಮೆಯ ಹುಡುಗಿ ದೇಶದೇಶದವರನ್ನು ಸೋಲಿಸಿ ನಿಂತಿದ್ದಳು. ಬೋರಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶಿವಣ್ಣ ಅವಮಾನವನ್ನೆಲ್ಲ ಮರೆತ.

“ನೋಡಿದ್ರಾ, ಸದ್ದಿಲ್ದಂಗೆ ಕಾದಿದ್ದಕ್ಕೇ ಗೆದ್ದಿದ್ದು,” ಎಂದ.

“ಇಲ್ಲ ಸಾರ್,” ಎಂದಳು ಶೃತಿ. “ಆ ಮೌನಕ್ಕೆ ತಲೆನೇ ಓಡ್ತಿರ್ಲಿಲ್ಲ. ಗಿರಣಿ ಸದ್ದಿಲ್ದೆ ನಾನ್ಯಾವತ್ತು ಆಡಿದೀನಿ? ಆ ಫೋನೆಲ್ಲ ಬಡ್ಕಂಡ್ವಲ್ಲ, ನಮ್ಮ ಜಗಲಿ ಮ್ಯಾಲೆ ಕೂತಂಗಾತು. ಆವಾಗ್ಲೇ ಹೊಳೀತು, ಆನೆ ಬಿಡಬೇಕು ಅಂತ.”

ಆ ಸದ್ದು ಬಂದದ್ದು ತನ್ನ ಹೆಗಲಿನಿಂದಲ್ಲವೇ ಎನ್ನಲು ಶಿವಣ್ಣ ಬಾಯಿ ತೆರೆದ.

“ಅಂದ್ರೆ ಗಿರಣಿನೂ ಮುರುಗೇಂದ್ರಪ್ಪಾರದು, ಶೇಂಗಾ ರೇಟೂ ಅವರದು,” ಎಂದ ಕ್ಯಾತಪ್ಪ. ಗುರುಗಳಿಗೆಂದು ತಂದಿದ್ದ ಹಾರ ಮುರುಗೇಂದ್ರಪ್ಪನವರ ಕೊರಳಿಗೆ ಬಿತ್ತು.

“ಮೇಷ್ಟ್ರೇ, ನೀವೊಂದು ಫೋಟೋ ತೆಗೀರಿ,” ಎಂದು ಯಾರೋ ಅವನ ಕೈಗೆ ಮೊಬೈಲ್ ತುರುಕಿದರು.

ಎಲ್ಲರ ನಡುವೆ ನಿಂತ ಶೃತಿ ಅವನನ್ನೇ ನೋಡಿ ನಕ್ಕಳು. ಶಿವಣ್ಣನ ಎದೆ ತುಂಬಿ ಬಂತು, ಕಣ್ಣು ಮಂಜಾಯಿತು. ಅಂದಾಜಿನ ಮೇಲೆ ಒತ್ತಿದ.

ಫೋಟೋದಲ್ಲಿ ಬಂದದ್ದು ಮುರುಗೇಂದ್ರಪ್ಪನವರ ಹೊಸ ಚಪ್ಪಲಿ ಮಾತ್ರ.