ಪಡವಲಕಾಯಿ ಆಕಾರದ ಗಡಿ

ನನಗೆ ಹೊಟ್ಟೆಕಿಚ್ಚಿದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುವ ಹಾಗೆ ನನಗೆ ಇದು. "ಇವನ ಹೊಟ್ಟೆ ಮೇಲೆ ಹಪ್ಪಳ ಸುಡಬಹುದು" ಎಂದು ನಮ್ಮಜ್ಜಿ ನನ್ನ ಏಳನೇ ವಯಸ್ಸಿನಲ್ಲೇ ಕಂಡುಹಿಡಿದಿದ್ದರು. ಆದರೆ ಇದಕ್ಕೂ ಒಂದು ಘನತೆಯಿದೆ. ಕಂಡವರ ಕಾಂಡೋ, ಕಾರು, ಬಡ್ತಿ, ಇವಕ್ಕೆಲ್ಲ ನನ್ನ ಹೊಟ್ಟೆ ಉರಿಯುವುದಿಲ್ಲ. ಉರಿದದ್ದು ಒಂದು ಹಿತ್ತಾಳೆ ಸೌಟಿಗೆ.

ಸಿಂಗಪುರದ ಪುಂಗೋಲಿನ ನಾವೊಂದಷ್ಟು ಕನ್ನಡ ಕುಟುಂಬಗಳು ದೀಪಾವಳಿಗೆ ಒಟ್ಟಿಗೆ ಊಟ ಮಾಡುತ್ತೇವೆ. ಬ್ಲಾಕುಗಳ ಲೆಕ್ಕದಲ್ಲಿ ನಾಲ್ಕು ತಂಡ. ಒಂದೊಂದು ತಂಡದ್ದೂ ಒಂದೊಂದು ಪಾತ್ರೆ ಅಡುಗೆ. ತೀರ್ಪುಗಾರರಿಲ್ಲ. ಯಾರ ಪಾತ್ರೆ ಮೊದಲು ಬರಿದಾಗುತ್ತದೋ ಅವರು ಗೆದ್ದಂತೆ. ಆ ತಂಡದಲ್ಲಿ ಹೆಚ್ಚು ಕೈ ನೋಯಿಸಿಕೊಂಡವರ ಮನೆಗೆ ಒಂದು ವರ್ಷದ ಮಟ್ಟಿಗೆ ಸೌಟು. ಅದು ಮೂರು ವರ್ಷದಿಂದ ಎದುರು ಬ್ಲಾಕಿನ ಚನ್ನಪ್ಪನ ಮನೆಯಲ್ಲೇ ಇತ್ತು. ಗದಗಿನವನು, ತಂಜಾಂಗ್ ಪಗಾರ್‌ನಲ್ಲಿ ಬ್ಯಾಂಕ್ ಕೆಲಸ, ಸದಾ ನಗುಮುಖ. ಸೌಟನ್ನು ಬಾಗಿಲ ಪಕ್ಕ, ಕಾರಿಡಾರಿಗೆ ಕಾಣುವ ಹಾಗೆ ತೂಗುಹಾಕಿದ್ದ. ಬೆಳಗಿನ ಬಿಸಿಲು ಅದಕ್ಕೆ ಬಡಿದು ನೇರವಾಗಿ ನಮ್ಮ ಅಡುಗೆಮನೆಗೆ, ನನ್ನ ಕಾಫಿ ಲೋಟದೊಳಕ್ಕೆ ಬೀಳುತ್ತಿತ್ತು.

ಆ ಗೆಲುವಿನ ಗುಟ್ಟು ನನಗೆ ಗೊತ್ತಿತ್ತು: ಅವನ ತಂಡದಲ್ಲಿದ್ದ ಬಾಗಲಕೋಟೆಯ ಗಿರಿಜಾ ಆಂಟಿ, ಅವರ ಮನೆಯಲ್ಲಿ ತಯಾರಾಗುವ ಹೋಳಿಗೆ. ನಮ್ಮ ತಂಡದ ಬಿಸಿಬೇಳೆಬಾತು ಮಾತ್ರ ಮಿಕ್ಕಿ, ಮೂರು ದಿನ ನಮ್ಮನ್ನೇ ತಿನ್ನುತ್ತಿತ್ತು.

ಹೀಗಿರುವಾಗ ೨೦೧೫ರ ಚುನಾವಣೆ ಬಂತು. ಅದಕ್ಕೆ ಮುಂಚೆ ಪತ್ರಿಕೆಯಲ್ಲಿ ಕ್ಷೇತ್ರಗಳ ಹೊಸ ನಕ್ಷೆ ಬಂತು. ನೋಡಿದರೆ ನಮ್ಮ ಬ್ಲಾಕು ಪಕ್ಕದ ಕ್ಷೇತ್ರಕ್ಕೆ ಹೋಗಿಬಿಟ್ಟಿತ್ತು! ನಾವು ಸೋಫಾ ಕೂಡ ಸರಿಸಿರಲಿಲ್ಲ, ಕ್ಷೇತ್ರವೇ ಸರಿದಿತ್ತು. ನಾನು ಪಿಆರ್, ಅಂದರೆ ಬರೀ ಕಾಯಂ ನಿವಾಸಿ, ನನಗೆ ಓಟಿಲ್ಲ. ಪೌರತ್ವ ಪಡೆದ ಚನ್ನಪ್ಪನಿಗೆ ಓಟಿತ್ತು. (ಅದಕ್ಕೂ ಸ್ವಲ್ಪ ಉರಿದಿತ್ತು, ಬಿಡಿ.) ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಸಿಕ್ಕಾಗ ಅವನೇ ವಿವರಿಸಿದ: "ಹೊಸ ಬ್ಲಾಕ್ ಎದ್ವು, ಜನ ಜಾಸ್ತಿ ಆದ್ರು. ಗೆರೆ ಹೊಸದಾಗಿ ಎಳೀಲೇಬೇಕಲ್ಲ ಸಾರ್."

ಆ ಮಾತು ನನ್ನ ತಲೆಯಲ್ಲಿ ಮೊಳಕೆಯೊಡೆಯಿತು. ನಮ್ಮ ತಂಡಗಳೂ ಏರುಪೇರಾಗಿದ್ದವು; ಒಂದರಲ್ಲಿ ಒಂಬತ್ತು ಮನೆ, ಇನ್ನೊಂದರಲ್ಲಿ ಇಪ್ಪತ್ತೈದು. ಮುಂದಿನ ಸಭೆಯಲ್ಲಿ ಎದ್ದುನಿಂತು, ಸಮಾನತೆ, ನ್ಯಾಯ ಎಂದೆಲ್ಲ ಗಂಟಲು ಹರಿದುಕೊಂಡೆ. "ನೀವೇ ಮಾಡ್ಬಿಡಿ ಸಾರ್" ಎಂದು ಎಲ್ಲರೂ ಒಟ್ಟಿಗೆ ಅಂದರು. ಪುಕ್ಕಟೆ ಕೆಲಸಕ್ಕೆ ನಮ್ಮವರಲ್ಲಿ ಬಲುಬೇಗ ಒಮ್ಮತ ಮೂಡುತ್ತದೆ.

ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಮಗಳು ದಿಯಾಳ ಕ್ರೆಯಾನ್ ಹಿಡಿದು ಕೂತೆ. ನಮ್ಮ ಬ್ಲಾಕಿನಿಂದ ಹೊರಟ ಗೆರೆ ಎಲ್‌ಆರ್‌ಟಿ ರೈಲು ಹಳಿಯ ಗುಂಟ ಸಾಗಿ, ಚನ್ನಪ್ಪನ ಬ್ಲಾಕನ್ನು ಮೆಲ್ಲಗೆ ಬಳಸಿ, ಗಿರಿಜಾ ಆಂಟಿಯ ಬ್ಲಾಕೊಂದನ್ನೇ ಬಾಯಿಗೆ ಹಾಕಿಕೊಂಡು ವಾಪಸಾಯಿತು. ಒಳ್ಳೆ ಪಡವಲಕಾಯಿಯಂತಿತ್ತು.

"ಅಪ್ಪಾ, ನಮ್ ಟೀಮ್ ಯಾಕೆ ಸ್ನೇಕ್ ಥರ ಇದೆ?"

"ಎಲ್‌ಆರ್‌ಟಿ ಅನುಕೂಲ ಮಗಳೇ."

"ಚೀಟಿಂಗ್ ಲಾ!"

ಒಳಗಿನಿಂದ ಹೆಂಡತಿ ಸುಮಾ ಕೂಗಿದಳು: "ಒಂದು ಸೌಟಿಗೆ ಇಷ್ಟೊಂದಾ? ಟೆಕ್ಕಾ ಮಾರ್ಕೆಟ್ಟಿಂದ ಅಂಥದ್ದೇ ಒಂದು ತಂದ್ಕೊಡ್ತೀನಿ, ಕುತ್ತಿಗೆಗೆ ತೂಗಾಕ್ಕೊಳ್ಳಿ!"

ಸಭೆಯಲ್ಲಿ ಚನ್ನಪ್ಪ ನಕ್ಷೆಯನ್ನು ಬಹಳ ಹೊತ್ತು ನೋಡಿದ. "ಗಿರಿಜಾ ಆಂಟಿ ನಿಮ್ಮ ಕಡೆ ಬಂದ್ರಾ? ಇರ್ಲಿ ಬಿಡಿ. ಪಾಪ, ಎಷ್ಟು ಕಷ್ಟಪಟ್ಟು ಬರ್ದಿದೀರ" ಅಂದ. ಬೇರೆಯವರಾಗಿದ್ದರೆ ಅಲ್ಲೇ ನಾಚಿಕೊಳ್ಳುತ್ತಿದ್ದರು. ನನಗೆ, ಇವನು ಇಷ್ಟು ಸಲೀಸಾಗಿ ಒಪ್ಪಿದ್ದೇಕೆ ಎಂದು ಅನುಮಾನ ಬಂತು, ಅಷ್ಟೆ.

ಹಬ್ಬದೂಟದ ಬೆಳಿಗ್ಗೆ ಕಡಲೆಬೇಳೆ, ಬೆಲ್ಲ ಹೊತ್ತು, ನಮ್ಮ ತಂಡದೊಂದಿಗೆ ದಿಬ್ಬಣದಂತೆ ಆಂಟಿಯ ಮನೆಗೆ ಹೋದೆ. ಅವರು ಸ್ಟೂಲಿನ ಮೇಲೆ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು.

"ಬರ್ರಿ ಬರ್ರಿ. ಲಟ್ಟಸೋರು ಯಾರು?"

"ನೀವೇ ಅಲ್ವಾ ಆಂಟಿ?"

"ನಾನಾ? ಮೊಣಕಾಲು ಹೋಗಿ ನಾಕು ವರ್ಷ ಆತಪಾ! ಒಲಿ ಮುಂದ ನಿಂದ್ರಾಕ ಆಗಂಗಿಲ್ಲ. ನಾ ಹಿಂಗ ಕುಂತು ಹೇಳ್ತಿದ್ದೆ. ಹೂರಣ ರುಬ್ಬೋದು, ಲಟ್ಟಸೋದು, ಬೇಯ್ಸೋದು ಎಲ್ಲಾ ಚನ್ನಪ್ಪಂದು. ಇಲ್ಲಾಂದ್ರ ಸೌಟು ಅವರ ಮನಿಗೆ ಯಾಕ ಹೊಕ್ಕಿತ್ತು?"

ಹೌದಲ್ಲ! ನಿಯಮ ನನಗೆ ಬಾಯಿಪಾಠವಾಗಿತ್ತು. ಮೂರು ವರ್ಷ ಸೌಟನ್ನು ದಿಟ್ಟಿಸಿದವನು, ಅದು ಆಂಟಿಯ ಮನೆ ಬಿಟ್ಟು ಚನ್ನಪ್ಪನ ಬಾಗಿಲಲ್ಲೇಕೆ ತೂಗುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಉರಿಯುವ ಹೊಟ್ಟೆ ತಲೆಗೆ ಹೊಗೆಯನ್ನೇ ಕಳಿಸುತ್ತದೆ, ಬೆಳಕನ್ನಲ್ಲ.

ವಿಧಿಯಿಲ್ಲದೆ ಲಟ್ಟಣಿಗೆ ಹಿಡಿದೆ. ಆಂಟಿ ಕುರ್ಚಿಯಿಂದ ಹೇಳಿದ್ದೊಂದು, ನನ್ನ ಕೈ ಮಾಡಿದ್ದೊಂದು. ನನ್ನ ಮೊದಲ ಹೋಳಿಗೆ ಥೇಟ್ ನನ್ನ ನಕ್ಷೆಯ ಆಕಾರದಲ್ಲೇ ಬಂತು, ಅಲ್ಲಲ್ಲಿ ಹೂರಣ ಗಡಿ ದಾಟಿತ್ತು. ಆಂಟಿ ಅದನ್ನು ನೋಡಿ ದೇವರ ಪಟದ ಕಡೆ ತಿರುಗಿದರು.

ಅಂದೂ ಚನ್ನಪ್ಪನ ಪಾತ್ರೆಯೇ ಮೊದಲು ಬರಿದಾಯಿತು. ನಮ್ಮದನ್ನು ಜನ ಮರ್ಯಾದೆಗೆಂದು ಅರ್ಧರ್ಧ ತೆಗೆದುಕೊಂಡರು. ಸಂಜೆ ಅವನೇ ಡಬ್ಬಿ ಹಿಡಿದು ಮನೆಗೆ ಬಂದ. "ನಿಮಗೆ ಸಿಗ್ಲಿಲ್ಲ ಅಂದ್ರು ಸಾರ್. ನಾಲ್ಕು ಮೊದ್ಲೇ ಎತ್ತಿಟ್ಟಿದ್ದೆ." ತುಪ್ಪ ಹಾಕಿಕೊಂಡು ತಿಂದೆ. ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪ ಎಂದು ಸುಮಾ ತಿಳಿದಳು. ಅಲ್ಲ, ಹೋಳಿಗೆ ಅಷ್ಟು ಚೆನ್ನಾಗಿತ್ತು, ಅದೇ ಸಂಕಟ.

ಮರುವರ್ಷ ಮತ್ತಷ್ಟು ಬ್ಲಾಕು ಎದ್ದವು, ಮತ್ತೆ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೇ ಬಂತು. ಈ ಸಲ ಪೆನ್ಸಿಲ್ ಹಿಡಿದೆ, ತಪ್ಪು ಮಾಡಲಿಲ್ಲ. ಗೆರೆಯನ್ನು ನೇರವಾಗಿ ರಸ್ತೆ ದಾಟಿಸಿ ಚನ್ನಪ್ಪನ ಬ್ಲಾಕನ್ನೇ ನಮ್ಮ ತಂಡಕ್ಕೆ ಸೇರಿಸಿದೆ. ಗೆಲುವು ಖಚಿತ! ಹಿಗ್ಗಿ ತಲೆಯೆತ್ತಿದರೆ ಎದುರಿಗೆ ಸೌಟು ಹೊಳೆಯಿತು. ಆಗ ನೆನಪಾಯಿತು: ನಾವು ಗೆದ್ದರೂ ಅದು ತೂಗುವುದು ಅವನ ಬಾಗಿಲಲ್ಲೇ.

ರಬ್ಬರು ತೆಗೆದುಕೊಂಡೆ.

"ಏನ್ರೀ ಅದು, ಇನ್ನೂ ಮುಗೀಲಿಲ್ವಾ?" ಅಂದಳು ಸುಮಾ.

"ನ್ಯಾಯವಾಗಿ ಎಳೀಬೇಕಲ್ಲ, ತಡ ಆಗತ್ತೆ" ಅಂದು, ಎದ್ದು ಕಿಟಕಿಯ ಪರದೆ ಎಳೆದೆ.