ಮೂರು ಪ್ರತಿಗಳ ಮುನ್ನೆಚ್ಚರಿಕೆ

ಅಜಾಗರೂಕರಿಂದಾದ ಅನಾಹುತಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಜಾಗರೂಕರಿಂದಾದವುಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮಾನ್ವಿಯ ಕಚೇರಿಯೊಂದರಲ್ಲಿ ಕುಳಿತು, ಪ್ರತಿಯೊಂದು ಅರ್ಜಿಗೂ ಮೂರು ಪ್ರತಿ ಕೇಳಿ ಜನರ ಪ್ರಾಣ ಹಿಂಡಿದ ಗುಮಾಸ್ತನಾಗಿ ಆ ಕೊರತೆಯನ್ನು ತುಂಬುವುದು ನನ್ನ ಕರ್ತವ್ಯ.

ರಾಯಚೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಸಂಸಾರಗಳಿವೆ. ಒಂದೇ ಡಿಸ್ಕನ್ನು ಪಾಲು ಮಾಡಿ ಒಂದು ಕಡೆ ವಿಂಡೋಸ್, ಇನ್ನೊಂದು ಕಡೆ ಲಿನಕ್ಸ್, ಕಂಪ್ಯೂಟರ್ ನಡೆಸುವ ಎರಡು ಬೇರೆ ವ್ಯವಸ್ಥೆಗಳು. ಗುಂಡಿ ಒತ್ತಿದೊಡನೆ ಯಾರ ಮನೆಗೆ ಹೋಗಬೇಕೆಂದು ಪಟ್ಟಿಯೊಂದು ಕೇಳುತ್ತದೆ. ವಿಂಡೋಸ್ ನನ್ನ ಹೆಂಡತಿ ಈರಮ್ಮನದು. ಜಾಲಹಳ್ಳಿಯ ನಮ್ಮತ್ತೆ ತೀರಿಕೊಳ್ಳುವ ಮುಂಚೆ ಹಾಡಿದ ಬೀಸುಕಲ್ಲಿನ ಹಾಡುಗಳು ಅದರಲ್ಲಿವೆ. ಅವನ್ನು ಹಿಡಿದಿಟ್ಟ ಫೋನು ಎಂದೋ ಸತ್ತಿದೆ. ಹಾಡುಗಳು ಬೇರೆಲ್ಲೂ ಇಲ್ಲ. ಲಿನಕ್ಸ್ ನನ್ನದು. ಅದರಲ್ಲಿ ಮುಖ್ಯವಾದದ್ದೇನೂ ಇಲ್ಲ. ಆದ್ದರಿಂದ ಅದನ್ನು ಹೊಸ ಆವೃತ್ತಿಗೆ ಏರಿಸಲೇಬೇಕೆಂದು ನನಗೆ ಹಟ.

ಮೊದಲು ನಕಲು ತೆಗೆದಿಡಿ ಎನ್ನುತ್ತಾರೆ ಬಲ್ಲವರು. ನನಗೆ ಹೇಳಬೇಕೆ? ಹಾಡುಗಳಿಗೆ ‘ನಕಲು’, ‘ನಕಲಿನ ನಕಲು’, ‘ಕಡತಕ್ಕೆ’ ಎಂದು ಮೂರು ಫೋಲ್ಡರ್ ಮಾಡಿದೆ. ಕಂಪ್ಯೂಟರ್ ಕೈಕೊಟ್ಟರೆ ಏನು ಮಾಡಬೇಕೆಂಬ ಹನ್ನೊಂದು ಅಂಶಗಳ ಸೂಚನೆಯನ್ನು ಬೆರಳಚ್ಚು ಮಾಡಿ, ಅದನ್ನೂ ಕಂಪ್ಯೂಟರಿನಲ್ಲೇ ಭದ್ರಪಡಿಸಿದೆ. ಬಳಿಕ ಗಂಭೀರನಾಗಿ ಲಿನಕ್ಸ್ ಏರಿಸುವ ಗುಂಡಿ ಒತ್ತಿದೆ. ಒಂದು ತಾಸು ಕಳೆಯುವಷ್ಟರಲ್ಲಿ ಪಟ್ಟಿಯೂ ಇಲ್ಲ, ಸಂಸಾರಗಳೂ ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೀಟು ಮಾತ್ರ ಮಿನುಗುತ್ತಿತ್ತು.

“ನಮ್ಮವ್ವನ ಹಾಡು ಎಲ್ಲಿ ಹೋದವ್ರೀ?” ಎಂದಳು ಈರಮ್ಮ.

“ಎಲ್ಲೂ ಹೋಗಿಲ್ಲ, ಒಳಗ ಅದಾವ. ಸಿಗವಲ್ವು, ಅಷ್ಟ.”

“ನಿಮ್ಮ ಆಫೀಸಿನ್ಯಾಗ ನಮ್ಮಣ್ಣನ ಅರ್ಜಿ ಇದ್ದಂಗ?”

ದೇವದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮೌಲಾಸಾಬರಿಗೆ ಫೋನ್ ಹಚ್ಚಿದೆ.

“ಕಾಪಿ ತೆಗೆದಿಟ್ಟೀರೇನ್ರಿ, ಸಾಹೇಬ್ರ?”

“ಒಂದಲ್ಲ, ಮೂರು!”

“ಶಭಾಶ್! ಎಲ್ಲಿಟ್ಟೀರಿ?”

“ಕಂಪ್ಯೂಟರಿನ್ಯಾಗ.”

“ಮೂರೂ?”

“ಮೂರೂ.”

“ಏನೂ ಮುಟ್ಟಬ್ಯಾಡ್ರಿ. ದೇವರಾಣಿ, ಏನೂ ಮುಟ್ಟಬ್ಯಾಡ್ರಿ. ಮುಂಜಾನಿ ಬಸ್ಸಿಗೆ ಬರ್ತೀನಿ.”

ಬಂದರು, ತಮ್ಮ ಪೆನ್‌ಡ್ರೈವ್ ಚುಚ್ಚಿ, ಅರ್ಧ ತಾಸಿನಲ್ಲಿ ಪಟ್ಟಿಯನ್ನು ಮರಳಿ ತಂದರು. ಅತ್ತೆಯ ದನಿ ಎದ್ದಿತು. ಈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಡಿನ ನಡುವೆ ಅಳಿಯನ ಬುದ್ಧಿಯ ಕುರಿತು ಎರಡು ಸಾಲು ಬರುತ್ತವೆ. ಇಷ್ಟು ವರ್ಷ ಅನ್ಯಾಯವೆನಿಸಿದ್ದ ಅವು ಅಂದು ಹಾಗೆನಿಸಲಿಲ್ಲ.

“ಕಾಪಿ ಹೊರಗ ಇಡ್ರಿ, ಬ್ಯಾರೆ ಬ್ಯಾರೆ ಕಡಿ,” ಎಂದು ಹೇಳಿ ಮೌಲಾಸಾಬರು ಬಸ್ ಹಿಡಿದರು. ಕಲಿಯುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅಂದೇ ಮೂರು ಪೆನ್‌ಡ್ರೈವ್ ತಂದು ಹಾಡು ತುಂಬಿಸಿ, ಸೂಚನೆಯನ್ನೂ ಮೂರು ಪ್ರತಿ ಮುದ್ರಿಸಿ ಸಹಿ ಹಾಕಿದೆ. ಬೇರೆ ಬೇರೆ ಕಡೆ ಇಟ್ಟರೆ ಕಳೆದುಹೋಗಬಹುದೆಂದು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ, ಕಂಪ್ಯೂಟರಿನ ಪಕ್ಕದ ಮೊಳೆಗೇ ತೂಗುಬಿಟ್ಟಿದ್ದೇನೆ.